ಉಪಕೇಂದ್ರಗಳ ವ್ಯಾಪ್ತಿ ಮರುಹಂಚಿಕೆ: ಕಡತದಲ್ಲಿ ಕಾಣದ ಲೆಕ್ಕಗಳು

ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿ ಆರೋಗ್ಯ ಇಲಾಖೆಯ ಕಚೇರಿಯೊಂದರ ವಿಷಯ ನಿರ್ವಾಹಕನಾಗಿರುವ ನಾನು ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಳಗಿನ ಹಳ್ಳಿಮಟ್ಟದ ಘಟಕಗಳಾದ ಉಪಕೇಂದ್ರಗಳ ಕಾರ್ಯವ್ಯಾಪ್ತಿ ಮರುಹಂಚಿಕೆಯ ಕಡತವನ್ನು ನಿರ್ವಹಿಸಿದ್ದೇನೆ. ಬಯಲುಸೀಮೆಯಲ್ಲಿ 5,000 ಮತ್ತು ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರವೆಂಬುದು ಮಾನದಂಡ. ಕಡೂರಿನ ಬಯಲಿಗೆ ಈ ಲೆಕ್ಕ ಬಹುಮಟ್ಟಿಗೆ ಹೊಂದುತ್ತದೆ. ಮೂಡಿಗೆರೆ, ಕೊಪ್ಪದ ಕಡೆ ಜನಸಂಖ್ಯೆಯೊಂದನ್ನೇ ನೋಡಿ ಗಡಿ ಎಳೆದರೆ ತೊಡಕು ಶುರುವಾಗುತ್ತದೆ.

ಲಸಿಕೆಯ ಉದಾಹರಣೆಯನ್ನೇ ನೋಡೋಣ. ಲಸಿಕಾ ದಿನದಂದು ನಾಲ್ಕು ಐಸ್‌ಪ್ಯಾಕ್‌ಗಳ ನಡುವೆ ಲಸಿಕೆಗಳನ್ನಿರಿಸಿದ ಕ್ಯಾರಿಯರ್ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊರಟು, ಉಳಿದ ಲಸಿಕೆಗಳೊಂದಿಗೆ ಅಂದೇ ಸಂಜೆ ಅಲ್ಲಿಗೆ ಮರಳಬೇಕು. ನಕ್ಷೆಯಲ್ಲಿ ಹಳ್ಳದ ಆಚೆ ಈಚೆ ಇರುವ ಎರಡು ಊರುಗಳು ಒಂದೇ ಉಪಕೇಂದ್ರಕ್ಕೆ ಸೇರಿಬಿಟ್ಟರೆ, ಮಳೆಗಾಲದಲ್ಲಿ ಕಾಲುಸಂಕ ದಾಟಲಾಗದ ಸಿಸ್ಟರ್ (ಉಪಕೇಂದ್ರದ ಆರೋಗ್ಯ ಕಾರ್ಯಕರ್ತೆ) ಪೇಟೆಗೆ ಬಂದು ಬೇರೆ ಬಸ್ಸು ಹಿಡಿದು ಹೋಗಬೇಕಾಗುತ್ತದೆ. ಆದ್ದರಿಂದ ನಾವು ಪಟ್ಟಿಯಲ್ಲಿ ದೂರದ ಜೊತೆಗೆ ಬಸ್ಸಿನ ವೇಳೆಗೂ ಒಂದು ಕಾಲಂ ಸೇರಿಸಿದೆವು. ಅದನ್ನು ತುಂಬಿಕೊಟ್ಟವರು ಆಶಾ ಕಾರ್ಯಕರ್ತೆಯರು. ಕಚೇರಿಯಲ್ಲಿ ಕುಳಿತ ನಮಗೆ ಅದು ಗೊತ್ತಿರುವ ಸಂಗತಿಯಾಗಿರಲಿಲ್ಲ.

ಕಾಫಿ ತೋಟಗಳಲ್ಲಿ ಕೂಲಿಯವರು ವಾಸಿಸುವ ಲೈನ್ ಮನೆಗಳದ್ದು ಇನ್ನೊಂದು ಬಗೆಯ ಲೆಕ್ಕ. 2011ರ ಜನಗಣತಿ ಏನೇ ಹೇಳಲಿ, ಹಣ್ಣು ಕೊಯ್ಲಿನ ತಿಂಗಳುಗಳಲ್ಲಿ ಹೊರಗಿನಿಂದ ಬರುವ ಕೂಲಿ ಕುಟುಂಬಗಳ ಗರ್ಭಿಣಿಯರು ಮತ್ತು ಮಕ್ಕಳು ಆ ಅಂಕಿಯಲ್ಲಿ ಇರುವುದಿಲ್ಲ. ಅವರನ್ನೂ ಗಣನೆಗೆ ತೆಗೆದುಕೊಂಡಾಗ ಕಾಗದದಲ್ಲಿ ಹಗುರವೆನಿಸಿದ್ದ ಉಪಕೇಂದ್ರಗಳೇ ಹೆಚ್ಚು ಹೊರೆ ಹೊತ್ತಿರುವುದು ಕಂಡಿತು.

ಗ್ರಾಮ ಪಂಚಾಯಿತಿಯ ಗಡಿಯನ್ನು ಸಾಧ್ಯವಾದಷ್ಟು ಒಡೆಯಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಕುಡಿಯುವ ನೀರಿನ ಮಾದರಿ ಪರೀಕ್ಷೆಯಿಂದ ಸೊಳ್ಳೆ ಲಾರ್ವಾ ಸಮೀಕ್ಷೆಯವರೆಗೆ ಪಂಚಾಯಿತಿಯ ಸಹಕಾರವಿಲ್ಲದೆ ಯಾವುದೂ ನಡೆಯುವುದಿಲ್ಲ. ಒಬ್ಬ ಸಿಸ್ಟರ್ ಎರಡು ಪಂಚಾಯಿತಿಗಳ ಸಭೆಗೆ ಅಲೆಯುವಂತಾದರೆ ಮನೆಭೇಟಿಗೆ ಹೊತ್ತು ಉಳಿಯುವುದಿಲ್ಲ.

ಆದೇಶವಾದ ಮೇಲಿನ ಹಸ್ತಾಂತರಕ್ಕೂ ಅಷ್ಟೇ ಗಮನ ಬೇಕು. ಊರೊಂದು ಹೊಸ ಉಪಕೇಂದ್ರಕ್ಕೆ ಹೋದರೂ ಆನ್‌ಲೈನ್‌ನಲ್ಲಿ ಗರ್ಭಿಣಿಯ ಹೆಸರು ಹಳೆಯದರಲ್ಲೇ ಉಳಿದರೆ, ಮಾಸಿಕ ವರದಿಯಲ್ಲಿ ಆಕೆ ಎರಡು ಕಡೆ ಕಾಣಿಸಬಹುದು, ಇಲ್ಲವೇ ಎಲ್ಲಿಯೂ ಕಾಣಿಸದಿರಬಹುದು. ಅದಕ್ಕಾಗಿ ಹಳೆಯ ಮತ್ತು ಹೊಸ ಸಿಸ್ಟರ್ ಇಬ್ಬರೂ ಆಶಾ ಕಾರ್ಯಕರ್ತೆಯ ಸಮಕ್ಷಮ ತಾಯಿ ಕಾರ್ಡ್ ಸಂಖ್ಯೆಗಳನ್ನು ಒಂದೊಂದಾಗಿ ತಾಳೆ ನೋಡಿ ಸಹಿ ಮಾಡಿದ ನಂತರವೇ ಬದಲಾವಣೆ ಜಾರಿಗೆ ಬರಬೇಕೆಂದು ಟಿಪ್ಪಣಿಯಲ್ಲಿ ಬರೆದೆವು. ಹುದ್ದೆ ಖಾಲಿ ಇರುವಲ್ಲಿ ಮಾತ್ರ, ಪ್ರಭಾರದಲ್ಲಿರುವ ಒಬ್ಬರೇ ಎರಡೂ ಕಡೆಯ ಸಹಿ ಹಾಕುತ್ತಿದ್ದಾರೆ.