ವಿದೇಶದ ಕಾರನ್ನು ಊರಿಗೆ ತರುವ ಮುನ್ನ: ತಯಾರಿಕೆಯ ತಿಂಗಳಿನಿಂದ ಆರ್‌ಟಿಒ ಬಾಗಿಲಿನ ತನಕ

ಲಂಡನ್, ಸಿಂಗಪುರ, ಮೆಲ್ಬರ್ನ್ ಕಡೆಯಿಂದ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಮೈಸೂರಿಗೋ ಮರಳುವವರು ಸಾಮಾನಿನ ಪಟ್ಟಿ ಬರೆಯುವಾಗ ಕಾರನ್ನೂ ಅದರಲ್ಲೇ ಸೇರಿಸಿಬಿಡುತ್ತಾರೆ. ಫ್ರಿಜ್, ಮಂಚ, ಪುಸ್ತಕಗಳ ಲೆಕ್ಕವೇ ಬೇರೆ, ಕಾರಿನ ಲೆಕ್ಕವೇ ಬೇರೆ. ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್ (ವಾಸ ಬದಲಾವಣೆ) ಹೆಸರಿನಲ್ಲಿ ಮನೆಸಾಮಾನಿಗೆ ಸಿಗುವ ಸುಂಕದ ರಿಯಾಯಿತಿ ವಾಹನಕ್ಕಿಲ್ಲ. ಶಾಶ್ವತವಾಗಿ ಮರಳುವವರಿಗೆ ಸಿಗುವುದು ಆಮದು ಲೈಸೆನ್ಸ್ ಇಲ್ಲದೆ ಒಂದು ವಾಹನ ತರುವ ಅವಕಾಶ, ಅಷ್ಟೇ. ಸುಂಕವನ್ನು ಪೂರ್ತಿ ಕಟ್ಟಲೇಬೇಕು.

ಆ ಅವಕಾಶಕ್ಕೂ ಎರಡು ಷರತ್ತುಗಳಿವೆ. ನೀವು ಹೊರದೇಶದಲ್ಲಿ ಸತತ 2 ವರ್ಷ ಇದ್ದಿರಬೇಕು. ಕಾರು ಅಲ್ಲಿ ಕನಿಷ್ಠ 1 ವರ್ಷ ನಿಮ್ಮ ಸ್ವಾಧೀನದಲ್ಲಿ ಇದ್ದಿರಬೇಕು. ಮೊದಲನೆಯದಕ್ಕೆ ಪಾಸ್‌ಪೋರ್ಟ್ ಮುದ್ರೆಗಳು ಮತ್ತು ವೀಸಾ ಸಾಕ್ಷಿ. ಎರಡನೆಯದಕ್ಕೆ ನೋಂದಣಿ ಪತ್ರ, ಖರೀದಿಯ ಇನ್‌ವಾಯ್ಸ್, ಹಣ ಕಟ್ಟಿದ ಬ್ಯಾಂಕ್ ದಾಖಲೆ, ವಿಮಾ ಪಾಲಿಸಿ. ಎಡವಟ್ಟಾಗುವುದು ಹೆಚ್ಚಾಗಿ ಹೆಸರಿನಲ್ಲಿ. ಕಾರು ಹೆಂಡತಿಯ ಹೆಸರಲ್ಲಿದ್ದು ಶಿಪ್ಪಿಂಗ್ ಕಾಗದ ಗಂಡನ ಹೆಸರಲ್ಲಿದ್ದರೆ, ಅಥವಾ ಕಾರು ಕಂಪನಿಯ ಲೀಸ್‌ನದ್ದಾಗಿದ್ದರೆ, ಒಂದು ವರ್ಷದ ಸ್ವಾಧೀನವನ್ನು ತೋರಿಸುವುದು ಬಲು ಕಷ್ಟ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು ನೋಂದಣಿಯಲ್ಲಿ ಬರೀ ಅಕ್ಷರ ಇದ್ದರೂ ಪ್ರಶ್ನೆ ಬರುತ್ತದೆ. ನಮ್ಮ ಕಡೆಯ ಹೆಸರುಗಳಲ್ಲಿ ಇದು ಸಾಮಾನ್ಯ, ಹಾಗಾಗಿ ಅಲ್ಲಿರುವಾಗಲೇ ಸರಿಪಡಿಸಿಕೊಳ್ಳಿ. ಕಾರಿನ ಮೇಲೆ ಸಾಲವಿದ್ದರೆ ತೀರಿಸಿ, ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯದೆ ರಫ್ತು ಮಾಡಲಾಗದು.

ಮುಂದಿನ ಪ್ರಶ್ನೆ ಸ್ಟಿಯರಿಂಗ್. ಭಾರತಕ್ಕೆ ಬರುವ ಕಾರಿನ ಸ್ಟಿಯರಿಂಗ್ ಬಲಕ್ಕಿರಬೇಕು, ಸ್ಪೀಡೋಮೀಟರ್ ಕಿಲೋಮೀಟರ್ ತೋರಿಸಬೇಕು, ಹೆಡ್‌ಲ್ಯಾಂಪ್‌ನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದುವಂತೆ ಬೀಳಬೇಕು. ದುಬೈ, ದೋಹಾ, ದಮ್ಮಾಮ್‌ಗಳಲ್ಲಿರುವ ಮಂಗಳೂರು, ಉಡುಪಿ, ಭಟ್ಕಳದವರ ಕಾರುಗಳ ಕತೆ ಇಲ್ಲಿಗೇ ಮುಗಿಯಿತು. ಅಮೆರಿಕ, ಕೆನಡಾ, ಜರ್ಮನಿಯವರದ್ದೂ ಅಷ್ಟೇ. ಸ್ಟಿಯರಿಂಗನ್ನು ಬಲಕ್ಕೆ ಬದಲಾಯಿಸಿಕೊಡುತ್ತೇವೆ ಎನ್ನುವ ಗ್ಯಾರೇಜುಗಳನ್ನು ನಂಬಬೇಡಿ. ತಯಾರಿಕೆಯ ಹೊತ್ತಿನ ಹೋಮೊಲೊಗೇಷನ್ (ಮಾದರಿ ಅನುಮೋದನೆ) ಪ್ರಮಾಣಪತ್ರಕ್ಕೆ ಕಾರು ಹೊಂದಬೇಕು ಎಂಬ ನಿಯಮದಲ್ಲಿ ಅದು ಸಿಕ್ಕಿಬೀಳುತ್ತದೆ. ಬಲ ಸ್ಟಿಯರಿಂಗ್ ಷರತ್ತಿನಿಂದ ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳು ಮಾತ್ರ ಹೊರಗೆ.

ಹಾಗಾಗಿ ಈ ಲೆಕ್ಕ ನಿಜಕ್ಕೂ ಸಲ್ಲುವುದು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಿಂಗಪುರ, ಮಲೇಷ್ಯಾ, ಜಪಾನ್, ದಕ್ಷಿಣ ಆಫ್ರಿಕಾದಂಥ ದೇಶಗಳಿಂದ ಬರುವವರಿಗೆ. ಬ್ರಿಟನ್ನಿನ ಕಾರಿನಲ್ಲಿ ಸ್ಟಿಯರಿಂಗ್, ದೀಪ ಎರಡೂ ಸರಿ, ಮೀಟರ್ ಮಾತ್ರ ಮೈಲಿಯದ್ದು. ಡಿಜಿಟಲ್ ಫಲಕವಾದರೆ ಸೆಟ್ಟಿಂಗ್‌ನಲ್ಲಿ ಬದಲಾಗುತ್ತದೆ. ಮುಳ್ಳಿನ ಮೀಟರ್ ಆದರೆ ಫಲಕವನ್ನೇ ಬದಲಿಸಬೇಕಾದೀತು. ಅದನ್ನು ಕಂಪನಿಯ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ, ಓಡಿದ ದೂರದ ದಾಖಲೆ ಸಮೇತ ಬಿಲ್ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಕಾರುಗಳು ಬೀಳುವುದು ವಯಸ್ಸಿನಲ್ಲಿ. ಬಳಸಿದ ವಾಹನ ತಯಾರಾದ ದಿನದಿಂದ 3 ವರ್ಷ ದಾಟಿರಬಾರದು. ಗಮನಿಸಿ, ನೋಂದಣಿಯ ದಿನವಲ್ಲ, ತಯಾರಾದ ದಿನ. ಫ್ಯಾಕ್ಟರಿಯಿಂದ ಹೊರಬಂದು ಡೀಲರ್ ಅಂಗಳದಲ್ಲಿ ಎಂಟು ತಿಂಗಳು ನಿಂತ ಕಾರಾದರೆ ಆ ಎಂಟು ತಿಂಗಳು ನಿಮ್ಮ ಲೆಕ್ಕದಿಂದ ಹೋಯಿತು. ಬ್ರಿಟನ್ನಿನ ವಿ5ಸಿ ಎಂಬ ನೋಂದಣಿ ಪತ್ರದಲ್ಲಿ ಎದ್ದು ಕಾಣುವುದು ಮೊದಲ ನೋಂದಣಿಯ ದಿನಾಂಕ. ಅದನ್ನೇ ನಂಬಿ ಹಡಗು ಬುಕ್ ಮಾಡಿದರೆ ಬಂದರಿನಲ್ಲಿ ಅಧಿಕಾರಿ ತಯಾರಿಕೆಯ ದಿನ ಕೇಳಿದಾಗ ಉತ್ತರವಿರುವುದಿಲ್ಲ. ಚಾಸಿಸ್ ಸಂಖ್ಯೆಯ ಹತ್ತನೆಯ ಅಕ್ಷರದಿಂದ ವರ್ಷ ಹೇಳಬಹುದು ಎನ್ನುವುದು ಅಮೆರಿಕದ ಪದ್ಧತಿ, ಅದೂ ಮಾಡೆಲ್ ವರ್ಷ ಮಾತ್ರ. ಯುರೋಪಿನ ಹಲವು ಕಂಪನಿಗಳು ಅದನ್ನು ಪಾಲಿಸುವುದೇ ಇಲ್ಲ. ಚಾಸಿಸ್ ಸಂಖ್ಯೆ ಕೊಟ್ಟು ತಯಾರಕರಿಂದಲೇ ತಿಂಗಳು ಮತ್ತು ವರ್ಷವಿರುವ ಪತ್ರ ತರಿಸಿಕೊಳ್ಳಿ. ಸಮುದ್ರಯಾನ ಮತ್ತು ಹಡಗು ತಡವಾಗುವುದು ಸೇರಿ ಕಾರು ಇಲ್ಲಿ ಇಳಿಯುವಾಗ ಇನ್ನೂ ಮೂರ್ನಾಲ್ಕು ತಿಂಗಳು ಬಾಕಿ ಇರುವಂತೆ ನೋಡಿಕೊಂಡರೆ ನೆಮ್ಮದಿ. ಗಡುವು ದಾಟಿದ ಕಾರನ್ನು ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 111ರಡಿ ಮುಟ್ಟುಗೋಲು ಹಾಕಬಹುದು. ಸೆಕ್ಷನ್ 125ರಡಿ ದಂಡ ಕಟ್ಟಿಸಿಕೊಂಡು ಬಿಡಬಹುದು, ಇಲ್ಲವೇ ವಾಪಸ್ ಕಳಿಸುವಂತೆ ಹೇಳಬಹುದು. ವಾಪಸ್ ಕಳಿಸುವ ಖರ್ಚು ನಿಮ್ಮದೇ.

ಈಗ ಹಣ. ತುಂಬ ಜನ ತಾವು ಇವತ್ತು ಕಾರು ಮಾರಿದರೆ ಎಷ್ಟು ಬರುತ್ತದೋ ಅದರ ಮೇಲೆ ಸುಂಕ ಎಂದುಕೊಳ್ಳುತ್ತಾರೆ. ಕಸ್ಟಮ್ಸ್ ಲೆಕ್ಕ ಹಾಕುವುದು ಹಾಗಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ಬಳಸಿದ ಪ್ರತಿ ಮೂರು ತಿಂಗಳಿಗೆ ಸವಕಳಿ ಕಳೆಯುವುದು ರೂಢಿ: ಮೊದಲ ವರ್ಷ ತ್ರೈಮಾಸಿಕಕ್ಕೆ ಶೇ 4, ಎರಡನೇ ವರ್ಷ ಶೇ 3, ಮೂರನೇ ವರ್ಷ ಶೇ 2.5. ಮೂರು ವರ್ಷ ತುಂಬಿದರೂ ಕಳೆಯುವುದು ಶೇ 38. ಅದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರುತ್ತವೆ. ಬಾಡಿಗೆಯ ರಸೀದಿ ಇಲ್ಲದಿದ್ದರೆ ಕಾರಿನ ಬೆಲೆಯ ಶೇ 20ನ್ನು ಬಾಡಿಗೆಯೆಂದೂ, ವಿಮೆಯ ರಸೀದಿ ಇಲ್ಲದಿದ್ದರೆ ಶೇ 1.125ನ್ನು ವಿಮೆಯೆಂದೂ ಸೇರಿಸುತ್ತಾರೆ. ಆ ರಸೀದಿಗಳನ್ನು ಕಳೆದುಕೊಳ್ಳಬೇಡಿ.

ಬಳಸಿದ ಕಾರಿಗೆ 2025ರ ಬಜೆಟ್‌ನಲ್ಲಿ ನಿಗದಿಯಾದ ಮೂಲ ಸುಂಕ ಶೇ 70, ಅದರ ಜತೆಗೆ ಕೃಷಿ ಮೂಲಸೌಕರ್ಯ ಸೆಸ್ ಶೇ 67.5. ಮೂಲ ಸುಂಕ 125ರಿಂದ 70ಕ್ಕೆ ಇಳಿಯಿತು ಎಂಬ ಸುದ್ದಿ ಓದಿ ಹಲವರು ಖುಷಿಪಟ್ಟರು. ಎರಡೂ ಸೇರಿದರೆ ಶೇ 137.5, ಅಂದರೆ ಮೊದಲು ಮೇಲ್ತೆರಿಗೆ ಸೇರಿ ಇದ್ದಷ್ಟೇ. ಇದರ ಮೇಲೆ ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ). 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಅದು ಶೇ 40, ನಾಲ್ಕು ಮೀಟರ್ ಮೀರದ ಸಣ್ಣ ಕಾರುಗಳಿಗೆ (ಪೆಟ್ರೋಲ್ 1200 ಸಿಸಿ, ಡೀಸೆಲ್ 1500 ಸಿಸಿ ಒಳಗೆ) ಶೇ 18, ವಿದ್ಯುತ್ ಕಾರಿಗೆ ಶೇ 5. ಈ ಐಜಿಎಸ್‌ಟಿ ಬೀಳುವುದು ಕಾರಿನ ಬೆಲೆಯ ಮೇಲೆ ಮಾತ್ರವಲ್ಲ, ಬೆಲೆ ಮತ್ತು ಸುಂಕ ಎರಡೂ ಸೇರಿದ ಮೊತ್ತದ ಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. ಹೊಸದಾಗಿದ್ದಾಗ 20 ಲಕ್ಷ ರೂಪಾಯಿಗೆ ಸಮನಾದ ಬೆಲೆಯ ದೊಡ್ಡ ಪೆಟ್ರೋಲ್ ಕಾರು, ಹನ್ನೊಂದು ತ್ರೈಮಾಸಿಕ ಬಳಸಿದ್ದು. ಸವಕಳಿ ಶೇ 35.5 ಕಳೆದರೆ 12.9 ಲಕ್ಷ. ಬಾಡಿಗೆ, ವಿಮೆ 1.6 ಲಕ್ಷ ಎಂದಿಟ್ಟುಕೊಂಡರೆ 14.5 ಲಕ್ಷ. ಶೇ 137.5ರಂತೆ ಸುಂಕ 19.94 ಲಕ್ಷ. ಎರಡೂ ಸೇರಿದ 34.44 ಲಕ್ಷದ ಮೇಲೆ ಶೇ 40 ಐಜಿಎಸ್‌ಟಿ 13.78 ಲಕ್ಷ. ಬಂದರಿನಲ್ಲೇ ಕಟ್ಟಬೇಕಾದದ್ದು ಸುಮಾರು 33.7 ಲಕ್ಷ. ಕಾರು ಹೊರಬರುವ ಹೊತ್ತಿಗೆ ಅದರ ಬೆಲೆ 48.2 ಲಕ್ಷ ಆಗಿರುತ್ತದೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ಹಾಕುವಾಗ ಆಮದು ವಾಹನಕ್ಕೆ ಸುಂಕ ಸೇರಿದ ಈ ಬೆಲೆಯನ್ನೇ ಹಿಡಿಯುತ್ತಾರೆ. 20 ಲಕ್ಷ ದಾಟಿದ ಕಾರಿಗೆ ಶೇ 18, ಆ ತೆರಿಗೆಯ ಮೇಲೆ ಶೇ 11 ಸೆಸ್. ಅದು ಇನ್ನೊಂದು 9.6 ಲಕ್ಷ. ಅಲ್ಲಿ 20 ಲಕ್ಷಕ್ಕೆ ಕೊಂಡು ಮೂರು ವರ್ಷದ ಹತ್ತಿರ ಓಡಿಸಿದ ಕಾರಿಗೆ ಇಲ್ಲಿ ಮತ್ತೆ 43 ಲಕ್ಷದ ತೆರಿಗೆ.

ಈ ಅಂಕಿಗಳನ್ನು ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ಪಷ್ಟ: ಭಾರತದಲ್ಲಿ ಸಿಗುವ ಮಾದರಿಯ ಕಾರಾದರೆ ಅಲ್ಲೇ ಮಾರಿ ಬನ್ನಿ. ಅಂಗವಿಕಲರಿಗಾಗಿ ವಿಶೇಷವಾಗಿ ಮಾರ್ಪಡಿಸಿದ, ಇಲ್ಲಿ ಮಾಡಿಸಿಕೊಳ್ಳಲು ಸಾಧ್ಯವೇ ಇಲ್ಲದ ವಾಹನವಿದ್ದರೆ ಮಾತು ಬೇರೆ. ಅಂಥವರು ಮುಂದಿನದ್ದನ್ನು ಗಮನವಿಟ್ಟು ಓದಿ.

ರಫ್ತಿನ ಕಾಗದ ಮೊದಲು. ಬ್ರಿಟನ್ನಿನಲ್ಲಿ ವಿ5ಸಿಯ ಶಾಶ್ವತ ರಫ್ತಿನ ಭಾಗವನ್ನು ತುಂಬಿ ಅಲ್ಲಿನ ವಾಹನ ನೋಂದಣಿ ಸಂಸ್ಥೆ ಡಿವಿಎಲ್‌ಎಗೆ ತಿಳಿಸಿ, ಉಳಿದ ಪತ್ರವನ್ನು ಜೊತೆಗೆ ತರಬೇಕು. ಕಳಿಸುವ ಮುನ್ನ ಎಲ್ಲ ಪುಟಗಳ ಬಣ್ಣದ ಪ್ರತಿ ತೆಗೆದಿಟ್ಟುಕೊಳ್ಳಿ. ಕಟ್ಟಿದ ರಸ್ತೆ ತೆರಿಗೆಯಲ್ಲಿ ಉಳಿದ ಪೂರ್ಣ ತಿಂಗಳುಗಳ ಹಣ ವಾಪಸ್ ಬರುತ್ತದೆ. ಸಿಂಗಪುರದಲ್ಲಿ ಕಾರನ್ನು ಡಿರಿಜಿಸ್ಟರ್ ಮಾಡಿಸಿ, ರಫ್ತಾದ ಪುರಾವೆಯನ್ನು ಗಡುವಿನೊಳಗೆ ಅಲ್ಲಿನ ಸಾರಿಗೆ ಪ್ರಾಧಿಕಾರ ಎಲ್‌ಟಿಎಗೆ ಕೊಟ್ಟರೆ ಸಿಒಇಯ (ಕಾರು ಇಟ್ಟುಕೊಳ್ಳಲು ಹಣ ಕೊಟ್ಟು ಪಡೆಯುವ ಹಕ್ಕುಪತ್ರ) ಉಳಿದ ಭಾಗ ಮರಳುತ್ತದೆ. ಅಲ್ಲಿನ ಕಾರುಗಳ ಬೆಲೆಯಲ್ಲಿ ಅದು ದೊಡ್ಡ ಮೊತ್ತ, ಬಿಟ್ಟುಬಿಡಬೇಡಿ.

ಕಳಿಸುವ ದಾರಿ ಎರಡು. ರೋರೋ ಹಡಗಿಗೆ ಕಾರನ್ನು ಓಡಿಸಿಕೊಂಡೇ ಹತ್ತಿಸುತ್ತಾರೆ. ಅಗ್ಗ, ಆದರೆ ಕಾರಿನೊಳಗೆ ಬಟ್ಟೆ, ಪಾತ್ರೆ ಏನೂ ಇಡುವಂತಿಲ್ಲ, ಕೀಲಿಯೂ ಅವರ ಕೈಯಲ್ಲೇ. ಕಂಟೇನರಾದರೆ ಒಂದು ಕಾರಿಗೆ 20 ಅಡಿಯದ್ದು ಸಾಕು. ಅದರ ಒಳ ಉದ್ದ ಸುಮಾರು 5.9 ಮೀಟರ್, ಅಗಲ 2.35 ಮೀಟರ್. ಅಗಲವಾದ ಎಸ್‌ಯುವಿಯನ್ನು ಒಳಗೆ ನಿಲ್ಲಿಸಿದ ಮೇಲೆ ಬಾಗಿಲು ತೆರೆಯಲು ಜಾಗವಿರುವುದಿಲ್ಲ, ಚಾಲಕ ಕಿಟಕಿಯಿಂದ ಹೊರಬರಬೇಕಾಗುತ್ತದೆ. ಕನ್ನಡಿ ಮಡಚಿ, ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಬೆಲ್ಟನ್ನು ಚಕ್ರಕ್ಕೆ ಅಥವಾ ಟೋಯಿಂಗ್ ಕೊಕ್ಕೆಗೆ ಬಿಗಿಯಬೇಕು. ಸಸ್ಪೆನ್ಷನ್ ತೋಳಿಗೆ ಬಿಗಿದರೆ ಅಲೆಗಳ ಜಗ್ಗಾಟಕ್ಕೆ ಅದು ಬಾಗುತ್ತದೆ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಂಧನ ಬೇಡ. ವಿದ್ಯುತ್ ಕಾರು ಅಪಾಯಕಾರಿ ಸರಕಿನ 9ನೇ ವರ್ಗಕ್ಕೆ ಸೇರುತ್ತದೆ, ಬುಕ್ ಮಾಡುವಾಗಲೇ ಹೇಳಬೇಕು. ಕೆಳಭಾಗ, ಚಕ್ರದ ಬಟ್ಟಲು ಸೇರಿ ಇಡೀ ಕಾರಿನ ಫೋಟೊ, ವಿಡಿಯೊ ತೆಗೆದಿಡಿ. ವಿಮೆಯ ಕ್ಲೇಮಿಗೆ ಅದೇ ಆಧಾರ.

ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗಿನ ಕಂಪನಿ ಕೊಡುವ ಸರಕು ಪತ್ರ) ಬಂದರಿನ ಹೆಸರನ್ನು ಎರಡು ಸಲ ನೋಡಿ. ಬಳಸಿದ ವಾಹನಕ್ಕೆ ನಿಯಮ ಹೇಳುವುದು ಮುಂಬೈ ಕಸ್ಟಮ್ಸ್ ಬಂದರು ಎಂದು. ಕಂಟೇನರುಗಳು ಸಾಮಾನ್ಯವಾಗಿ ಇಳಿಯುವುದು ಕೊಲ್ಲಿಯ ಆಚೆ ದಡದ ನ್ಹಾವಾ ಶೇವಾದಲ್ಲಿ, ಅದು ಬೇರೆಯೇ ಕಸ್ಟಮ್ಸ್ ಬಂದರು. ಊರಿಗೆ ಹತ್ತಿರವೆಂದು ಮಂಗಳೂರಿಗೋ ಚೆನ್ನೈಗೋ ಬುಕ್ ಮಾಡಿದವರೂ ಇದೇ ತೊಡಕಿಗೆ ಸಿಗುತ್ತಾರೆ. ಯಾವ ಬಂದರು ಎನ್ನುವುದನ್ನು ಕಸ್ಟಮ್ಸ್ ಬ್ರೋಕರ್‌ನಿಂದ ಬರಹದಲ್ಲಿ ಪಡೆದ ಮೇಲೆಯೇ ಹಡಗಿನ ಹಣ ಕಟ್ಟಿ.

ಹಡಗು ಬರುವ ಮುನ್ನವೇ ಬ್ರೋಕರ್ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸಿರಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಸ್ವಂತ ಬಳಕೆಯ ವಸ್ತುವಾದ್ದರಿಂದ ಆಮದು-ರಫ್ತುದಾರರ ಐಇಸಿ ಸಂಖ್ಯೆ ಬೇಕಿಲ್ಲ, ಪ್ಯಾನ್, ಆಧಾರ್, ಪಾಸ್‌ಪೋರ್ಟ್ ಮತ್ತು ಬ್ರೋಕರ್‌ಗೆ ಕೊಡುವ ಅಧಿಕಾರ ಪತ್ರ ಬೇಕು. ತಪಾಸಣೆಯಲ್ಲಿ ಚಾಸಿಸ್, ಎಂಜಿನ್ ಸಂಖ್ಯೆಗಳನ್ನು ಕಾಗದದೊಂದಿಗೆ ತಾಳೆ ನೋಡುತ್ತಾರೆ. ಒಂದು ಅಕ್ಷರ ತಪ್ಪಿದ್ದರೂ ಶಿಪ್ಪಿಂಗ್ ಕಂಪನಿಯಿಂದ ತಿದ್ದುಪಡಿ ಬರುವ ತನಕ ಕಾರು ಕದಲುವುದಿಲ್ಲ.

ಬಳಸಿದ ವಾಹನಕ್ಕೆ ಪರೀಕ್ಷೆಯ ಕಾಗದಗಳೂ ಬೇಕು. ಹಡಗು ಹತ್ತುವ ಮುನ್ನ ಮಾನ್ಯ ಸಂಸ್ಥೆಯಿಂದ ಭಾರತದ ಮೋಟಾರು ವಾಹನ ನಿಯಮಗಳಿಗೆ ಹೊಂದುತ್ತದೆಂಬ ಪ್ರಮಾಣಪತ್ರ, ಮುಂದಿನ 5 ವರ್ಷ ರಸ್ತೆಯಲ್ಲಿ ಓಡಲು ಯೋಗ್ಯವೆಂಬ ಘೋಷಣೆ, ಇಳಿದ ಮೇಲೆ ಪುಣೆಯ ಎಆರ್‌ಎಐ ಅಥವಾ ಅಹಿಲ್ಯಾನಗರದ (ಹಿಂದಿನ ಅಹ್ಮದ್‌ನಗರ) ವಿಆರ್‌ಡಿಇ ಎಂಬ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ. ಇದರಲ್ಲಿ ವಾರಗಳೇ ಹೋಗಬಹುದು, ಅಷ್ಟೂ ದಿನ ಬಂದರಿನ ಬಾಡಿಗೆ ಏರುತ್ತಲೇ ಇರುತ್ತದೆ. ತಡವಾಗುವುದು ಖಚಿತವಾದರೆ ಸೆಕ್ಷನ್ 49ರಡಿ ಕಾರನ್ನು ಸಾರ್ವಜನಿಕ ಗೋದಾಮಿನಲ್ಲಿ ಇರಿಸಲು ಅನುಮತಿ ಕೇಳಿ. ಬಂದರಿನ ಡೆಮರೇಜ್‌ಗಿಂತ (ಸರಕು ತಡವಾಗಿ ಎತ್ತಿದ್ದಕ್ಕೆ ಬೀಳುವ ಬಾಡಿಗೆ) ಅದು ಎಷ್ಟೋ ಕಡಿಮೆ. ಇಳಿದ 30 ದಿನಗಳೊಳಗೆ ಏನೂ ಮಾಡದಿದ್ದರೆ ಸೆಕ್ಷನ್ 48ರಂತೆ ನೋಟಿಸ್ ಕೊಟ್ಟು ಹರಾಜು ಹಾಕುವ ಅವಕಾಶ ಬಂದರಿನವರಿಗಿದೆ.

ಬಿಡುಗಡೆಯಾದ ಕಾರನ್ನು ಬೆಂಗಳೂರಿಗೆ ಲಾರಿಯ ಮೇಲೆ ತರುವುದೇ ಲೇಸು. ನೋಂದಣಿಯಿಲ್ಲದ, ವಿಮೆಯಿಲ್ಲದ ಕಾರನ್ನು ಸಾವಿರ ಕಿಲೋಮೀಟರ್ ಹತ್ತಿರ ಓಡಿಸುವ ಗೋಜು ಬೇಡ. ವಿಳಾಸದ ಆರ್‌ಟಿಒದಲ್ಲಿ ಫಾರ್ಮ್ 20 (ನೋಂದಣಿ ಅರ್ಜಿ), ಬಿಲ್ ಆಫ್ ಎಂಟ್ರಿಯ ಮೂಲ ಪ್ರತಿ, ಸುಂಕ ಕಟ್ಟಿದ ಚಲನ್, ವಿದೇಶಿ ನೋಂದಣಿ ಪತ್ರ, ಪರೀಕ್ಷಾ ಪ್ರಮಾಣಪತ್ರ, ವಿಮೆ, ವಿಳಾಸದ ದಾಖಲೆ ಕೊಟ್ಟು ಕಾರನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಈ ಮೂಲ ಪ್ರತಿಗಳನ್ನು ಕಾರು ಇರುವ ತನಕ ಜೋಪಾನ ಮಾಡಿ. 2025ರ ಸೆಪ್ಟೆಂಬರ್‌ನಲ್ಲಿ ಭೂತಾನ್ ಮೂಲಕ ಕಳ್ಳದಾರಿಯಲ್ಲಿ ಬಂದ ಕಾರುಗಳನ್ನು ಹಿಡಿಯಲು ಕೊಚ್ಚಿಯ ಕಸ್ಟಮ್ಸ್ 'ನುಮ್‌ಖೋರ್' ಎಂಬ ಕಾರ್ಯಾಚರಣೆ ನಡೆಸಿತು. ಅಂಥ ಹೊತ್ತಿನಲ್ಲಿ ಕಾರಿನ ಒಡೆಯ ತೋರಿಸಬೇಕಾದದ್ದು ಈ ಕಾಗದಗಳನ್ನೇ.

ಇಂಧನದ ಬಗ್ಗೆಯೂ ಯೋಚಿಸಿ. ನಮ್ಮ ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲ್ ಇ20, ಅಂದರೆ ಶೇ 20ರವರೆಗೆ ಎಥನಾಲ್ ಇರುವುದು. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲ್ ಕಾರುಗಳನ್ನು ಇ10ಕ್ಕೆ ರೂಪಿಸಿರುತ್ತಾರೆ. ಇಂಧನ ಮುಚ್ಚಳದ ಒಳಬದಿಯ ಚೀಟಿಯಲ್ಲಿ ಎಷ್ಟೆಂದು ಬರೆದಿರುತ್ತದೆ. ಇ20ಕ್ಕೆ ಹೊಂದದ ಕಾರಿನಲ್ಲಿ ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗಬಹುದು, ಮೈಲೇಜೂ ಇಳಿಯುತ್ತದೆ. ಆ ಪೈಪು, ಸೀಲು, ಫಿಲ್ಟರ್‌ಗಳ ಒಂದು ಸೆಟ್ ಅಲ್ಲಿಂದಲೇ ಕೊಂಡು, ಕಾರಿನಲ್ಲಿ ಇಡದೆ ನಿಮ್ಮ ಮನೆಸಾಮಾನಿನ ಜೊತೆ ಪ್ರತ್ಯೇಕವಾಗಿ ಕಳಿಸಿ, ಪ್ಯಾಕಿಂಗ್ ಪಟ್ಟಿಯಲ್ಲಿ ಅದನ್ನು ಹೆಸರಿಸಿ ಬರೆಯಿರಿ.