ಎರಡು ಬ್ರೋಕರ್, ಒಂದು ಮನೆ

ನವೆಂಬರ್ 16, 2025, ಭಾನುವಾರ
ಮೈಸೂರು

"ಮೇಡಂ, ಕಾರ್ತಿಕ ಮುಗಿಯೋದ್ರೊಳಗೆ ಟೋಕನ್ ಕೊಟ್ಬಿಡಿ. ಆಮೇಲೆ ಧನುರ್ಮಾಸ ಬಂದ್ರೆ ನೀವೇ ಬೇಡ ಅಂತೀರಿ. ಇನ್ನೊಂದು ಪಾರ್ಟಿ ದುಡ್ಡು ರೆಡಿ ಇಟ್ಕೊಂಡು ಕೂತಿದೆ."

ಮನೆ ತೋರಿಸಿದ ಬ್ರೋಕರ್ ಹುಡುಗನ ಮಾತು ಇದು. ಆ ಇನ್ನೊಂದು ಪಾರ್ಟಿಯನ್ನು ಈ ಊರಲ್ಲಿ ಯಾರಾದರೂ ಕಣ್ಣಾರೆ ನೋಡಿದ್ದಾರಾ? ನಾವು ಹೋದ ಮನೆಗೆಲ್ಲ ಅದು ನಮಗಿಂತ ಮುಂಚೆ ಬಂದು ಹೋಗಿರುತ್ತದೆ.

ಮನೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕುವೆಂಪುನಗರ, 20x30, ಪೂರ್ವದ ಬಾಗಿಲು. ಅತ್ತೆ ದೇವರ ಮನೆ ನೋಡಿದವರೇ ಗೃಹಪ್ರವೇಶಕ್ಕೆ ಯಾರ್ಯಾರನ್ನು ಕರೆಯೋದು ಅಂತ ಶುರು ಮಾಡಿದರು. 80 ಲಕ್ಷ ಹೇಳುತ್ತಿದ್ದಾರೆ.

ಕಷ್ಟ ಏನಂದರೆ ಇದೇ ಮನೆ, ಈಗ ಬ್ರೋಕರ್ ಆಗಿರುವ ನಮ್ಮ ಮೇಷ್ಟ್ರ ಕೈಯಲ್ಲೂ ಇದೆ. ಓನರ್ ಇಬ್ಬರಿಗೂ ಹೇಳಿಟ್ಟಿದ್ದಾರೆ.

ಬ್ರೋಕರ್‌ಗಳು ಕಮಿಷನ್ ಆಸೆಗೆ ರೇಟ್ ಏರಿಸುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಮಧ್ಯಾಹ್ನ ಸುಮ್ನೆ ಲೆಕ್ಕ ಹಾಕಿದೆ. 80 ಲಕ್ಷಕ್ಕೆ ಶೇ. 1 ಅಂದರೆ 80 ಸಾವಿರ. 75ಕ್ಕೆ ಇಳಿಸಿಕೊಟ್ಟರೆ 75 ಸಾವಿರ. ನಮಗೆ ಐದು ಲಕ್ಷ ಉಳಿದರೆ ಅವರಿಗೆ ಹೋಗೋದು ಬರೀ ಐದು ಸಾವಿರ. ಅಷ್ಟಕ್ಕೆ ಯಾರು ತಾನೇ ಹಟ ಹಿಡಿಯುತ್ತಾರೆ? ಅವರಿಗೆ ಬೇಕಿರುವುದು ವ್ಯಾಪಾರ ಕುದುರೋದು, ಅದೂ ಬೇಗ. ರೇಟಿನ ವಿಷಯದಲ್ಲಿ ಹುಡುಗನೂ ಒಂದೇ, ಮೇಷ್ಟ್ರೂ ಒಂದೇ. ಕಾಗದ ಪತ್ರ ನೋಡಲು ಟೈಮ್ ಬೇಕು ಅಂದಾಗ ಯಾರ ಮುಖ ಸಿಂಡರಿಸಿಕೊಳ್ಳುತ್ತೆ, ಅದನ್ನು ನೋಡಬೇಕು.

ಹುಡುಗ ಇ.ಸಿ.ಯನ್ನು (ಆಸ್ತಿಯ ಮೇಲೆ ಸಾಲ, ಮಾರಾಟ ಏನೇನು ದಾಖಲಾಗಿದೆ ಅಂತ ತೋರಿಸುವ ಋಣಭಾರ ಪತ್ರ) ವಾಟ್ಸಾಪ್‌ನಲ್ಲಿ ಕಳಿಸಿ "ಫುಲ್ ಕ್ಲಿಯರ್" ಅಂತ ಹಾಕಿದ್ದ. ಸಂಜೆ ಅದನ್ನೇ ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮೊಬೈಲ್ ಮೂಗಿನ ಹತ್ತಿರ ತಂದು, ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. "ಇದು 2004ರಿಂದ ಈಚಿನದು ಕಣಮ್ಮ. ಆನ್‌ಲೈನಲ್ಲಿ ಸಿಗೋದೇ ಅಷ್ಟು. ಸೈಟ್ ಅಲಾಟ್ ಆಗಿದ್ದು 1991ರಲ್ಲಿ. ನಡುವಿನ ಹದಿಮೂರು ವರ್ಷ ಎಲ್ಲಿ?" ಅದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಹಳೇ ಪುಸ್ತಕ ಹುಡುಕಿಸಬೇಕಂತೆ. ಬ್ಯಾಂಕಿನ ವಕೀಲರು ಹೇಗೂ ಕೇಳುತ್ತಾರೆ, ಟೋಕನ್ ಕೊಟ್ಟ ಮೇಲೆ ಗೊತ್ತಾಗೋದಕ್ಕಿಂತ ಈಗಲೇ ಗೊತ್ತಾಗಲಿ ಅಂದರು.

ಹುಡುಗನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. "ಅಷ್ಟೆಲ್ಲಾ ಯಾರೂ ನೋಡಲ್ಲ ಮೇಡಂ."

ನಮ್ಮ ಯಜಮಾನರು ಮಾತ್ರ ಹುಡುಗನ ಕಡೆ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆಯಲ್ಲ! ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಫ್ಲಾಟು, ಸೈಟು ಮಾರಲು ಏಜೆಂಟರಿಗೆ ಆ ನಂಬರ್ ಬೇಕು, ಸರಿ. ಇದು ಒಬ್ಬರು ವಾಸ ಮಾಡಿ ಬಿಟ್ಟ ಹಳೇ ಮನೆ. ಇದಕ್ಕೂ ಅದಕ್ಕೂ ಏನು ಸಂಬಂಧ? ಹೇಳಿದರೆ ಕೇಳಬೇಕಲ್ಲ. ಕ್ರಿಕೆಟ್ ನೋಡುತ್ತಾ ಹೂಂ ಅಂದರು.

ಅಂದ ಹಾಗೆ ನೋಂದಣಿ ಶುಲ್ಕ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ನಮಗೆ 80 ಸಾವಿರ ಜಾಸ್ತಿ. ಒಬ್ಬ ಬ್ರೋಕರ್‌ನ ಕಮಿಷನ್ ಅಷ್ಟೇ ಆಯ್ತು! ಆಷಾಢಕ್ಕೆ ಮುಂಚೆ ತಗೊಂಡಿದ್ರೆ ಅಂತ ಅತ್ತೆ ಎರಡು ಸಲ ಹೇಳಿದರು. ಆಗ ದುಡ್ಡು ಎಲ್ಲಿತ್ತು?

ಮೇಷ್ಟ್ರೇ ಸರಿ ಅಂತ ಮನಸ್ಸು ಹೇಳುತ್ತಿದೆ. ಆದರೆ ಮನೆ ಮೊದಲು ತೋರಿಸಿದ್ದು ಹುಡುಗ. ಬಿಸಿಲಲ್ಲಿ ಬೀಗದ ಕೈ ಹುಡುಕಿಕೊಂಡು ಬಂದು, ಅತ್ತೆಗೆ ಕೈ ಹಿಡಿದು ಮೆಟ್ಟಿಲು ಹತ್ತಿಸಿದವನೂ ಅವನೇ. ಈ ಬೀದಿಯ ಲೆಕ್ಕದಲ್ಲಿ ಮೊದಲು ತೋರಿಸಿದವನದ್ದೇ ಕಮಿಷನ್. ಮೇಷ್ಟ್ರಿಗೂ ಇದು ಗೊತ್ತು, ಆದರೂ ಬಾಯಿಬಿಟ್ಟು ಏನೂ ಕೇಳಲಿಲ್ಲ. ಅವರಿಗೆ ಬೇರೆಯಾಗಿ ಒಂದು ಮೊತ್ತ ಅಂತ ಮಾತಾಡಿಕೊಳ್ಳೋಣ ಅಂದರೆ, ಇವರಿಗೆ ಏಳನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟವರು, ಎಷ್ಟು ಕೊಡಲಿ ಅಂತ ನಾನು ಹೇಗೆ ಕೇಳೋದು? ಇವರೇ ಕೇಳಲಿ. ಆದರೆ ಇವರು ಕೇಳಬೇಕಾದರೆ ಮೊದಲು ಆ ಹುಡುಗನ ಕಾರ್ಡು ಕೆಳಗಿಡಬೇಕಲ್ಲ.