ಆಬರ್ನ್‌ನಲ್ಲಿ ಮಸೀದಿ, ಮಂದಿರ ಎರಡೂ ಶುರುವಾಗಿದ್ದು ಮನೆಯಲ್ಲೇ

ಸಿಡ್ನಿಗೆ ಹೋದವರು ಒಪೆರಾ ಹೌಸ್ ಮುಂದೆ ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ನಾವೂ ಆ ಶಾಸ್ತ್ರ ಮುಗಿಸಿ ಪಶ್ಚಿಮದ ಕಡೆ ಹೋಗುವ ರೈಲು ಹತ್ತಿದೆವು. ಇಳಿದದ್ದು ಆಬರ್ನ್‌ನಲ್ಲಿ, ನಗರದ ನಡುವಿನಿಂದ ಸುಮಾರು 20 ಕಿಲೋಮೀಟರ್ ದೂರ. ಪ್ರವಾಸಿಗರು ಜಾಸ್ತಿ ಇಳಿಯುವ ನಿಲ್ದಾಣವೇನಲ್ಲ. ಮಸೀದಿ ಎಲ್ಲಿ ಅಂತ ಯಾರನ್ನೂ ಕೇಳಬೇಕಾಗಲಿಲ್ಲ. ಹಳಿಯ ಪಕ್ಕದಲ್ಲೇ ಇದೆ, ಎರಡು ಮಿನಾರ್‌ಗಳು ರೈಲಿನಿಂದಲೇ ಕಾಣುತ್ತವೆ.

ಹೆಸರು ಗಲ್ಲಿಪೊಲಿ ಮಸೀದಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1915ರ ಏಪ್ರಿಲ್ 25ರಂದು, ಆಸ್ಟ್ರೇಲಿಯಾದ ಸೈನಿಕರು ತುರ್ಕಿಯ ಗಲ್ಲಿಪೊಲಿ ತೀರದಲ್ಲಿ ಇಳಿದಿದ್ದರು. ಎಂಟು ತಿಂಗಳ ಕಾದಾಟದಲ್ಲಿ ಅವರಲ್ಲಿ 8,000ಕ್ಕೂ ಹೆಚ್ಚು ಜನ ಸತ್ತರು. ತುರ್ಕರ ಕಡೆ ಸತ್ತವರು ಇನ್ನೂ ಎಷ್ಟೋ ಪಟ್ಟು. ಇವತ್ತಿಗೂ ಆ ತಾರೀಖಿನಂದು ಇಡೀ ದೇಶಕ್ಕೆ ರಜೆ. ಅಂಥ ರಣರಂಗದ ಹೆಸರನ್ನೇ ವಲಸೆ ಬಂದ ತುರ್ಕರು ತಮ್ಮ ಮಸೀದಿಗೆ ಇಟ್ಟಿದ್ದಾರೆ. ಧೈರ್ಯ ಅನ್ನಬೇಕೋ ಜಾಣತನ ಅನ್ನಬೇಕೋ? ನನಗಂತೂ ಎರಡೂ ಅನ್ನಿಸಿತು. ‘ನಿಮ್ಮ ಕಥೆಯಲ್ಲಿ ನಾವೂ ಇದ್ದೇವೆ’ ಎಂದು ಜಗಳವಿಲ್ಲದೆ ಹೇಳಿದ ಹಾಗಾಯಿತಲ್ವಾ?

1967ರಲ್ಲಿ ಎರಡೂ ದೇಶಗಳ ನಡುವೆ ವಲಸೆ ಒಪ್ಪಂದವಾಯಿತು. ಮರುವರ್ಷದಿಂದ ತುರ್ಕರು ಬರತೊಡಗಿದರು. 1979ರಲ್ಲಿ ಇದೇ ಜಾಗದಲ್ಲಿದ್ದ ಒಂದು ಮನೆಯ ಒಳಗೋಡೆಗಳನ್ನು ಒಡೆದು ನಮಾಜ್ ಶುರು ಮಾಡಿದರು. ಈಗಿನ ಕಟ್ಟಡದ ಕೆಲಸ ಹಿಡಿದದ್ದು 1986ರಲ್ಲಿ, ಉದ್ಘಾಟನೆಯಾಗಿದ್ದು 1999ರ ನವೆಂಬರ್‌ನಲ್ಲಿ. ಹದಿಮೂರು ವರ್ಷ!

ಚಪ್ಪಲಿ ಬಿಟ್ಟು ಒಳಗೆ ಹೋದರೆ ನೆತ್ತಿಯ ಮೇಲೆ ದೊಡ್ಡ ಗುಮ್ಮಟ, ಅದರ ಸುತ್ತ ಮರಿ ಗುಮ್ಮಟಗಳು. ಎಲ್ಲ ಹಳೇ ಆಟೊಮನ್ ಶೈಲಿ. ನನ್ನ ಕಣ್ಣು ಮಾತ್ರ ಚಪ್ಪಲಿ ಗೂಡಿನ ಕಡೆಗೇ ಹೋಗುತ್ತಿತ್ತು. ಸಿಮೆಂಟ್ ಮೆತ್ತಿದ ಬೂಟು, ಶಾಲೆ ಮಕ್ಕಳ ಕಪ್ಪು ಶೂ, ಹಿಮ್ಮಡಿ ಸವೆದ ಹವಾಯಿ ಚಪ್ಪಲಿ. ಹೊಳೆಯುವ ಹಳದಿ ಅಂಗಿ ಹಾಕಿದ್ದ ಕಟ್ಟಡದ ಕೆಲಸಗಾರನೊಬ್ಬ ಬಂದ, ನಮಾಜ್ ಮಾಡಿದ, ಬೂಟಿನ ಲೇಸು ಕಟ್ಟಿಕೊಂಡು ಹೊರಟ. ಬಾಗಿಲಲ್ಲಿದ್ದ ಹಿರಿಯರೊಬ್ಬರು, “ಫೋಟೊ ತೆಗೀರಿ, ತೊಂದರೆ ಇಲ್ಲ. ಪ್ರಾರ್ಥನೆ ಮಾಡ್ತಿರೋರ ಮುಂದೆ ಮಾತ್ರ ಹಾದುಹೋಗಬೇಡಿ” ಅಂದರು.

ಅಲ್ಲಿಂದ ಹಳಿ ದಾಟಿ ನಡೆದೆವು. ಚೀನೀ ದಿನಸಿ, ಅಫ್ಘಾನ್ ರೊಟ್ಟಿ ಅಂಗಡಿ, ತುರ್ಕಿ ಮಿಠಾಯಿ. ಆಮೇಲೆ ಬರೀ ಮನೆಗಳ ಬೀದಿ. ಕಂಬರ್‌ಲ್ಯಾಂಡ್ ರಸ್ತೆಯ ಆ ಮನೆಗಳ ನಡುವೆಯೇ ಶ್ರೀ ಮಂದಿರ. ಬಿಳಿಯರಿಗೆ ಮಾತ್ರ ಮಣೆ ಹಾಕುತ್ತಿದ್ದ ಆಸ್ಟ್ರೇಲಿಯಾದ ವಲಸೆ ನೀತಿ ಪೂರ್ತಿ ಹೋದದ್ದು 1973ರಲ್ಲಿ. 1977ರಲ್ಲಿ ಹಿಂದೂಗಳು ಇಲ್ಲೊಂದು ಮನೆಯನ್ನೇ ದೇವಸ್ಥಾನ ಮಾಡಿಕೊಂಡರು. ಆಸ್ಟ್ರೇಲಿಯಾದ ಅತಿ ಹಳೆಯ ಹಿಂದೂ ದೇವಸ್ಥಾನಗಳಲ್ಲಿ ಇದೂ ಒಂದು. ಮಸೀದಿಯ ಕಥೆಯೇ ಇಲ್ಲೂ, ಗುಮ್ಮಟ ಒಂದು ಬಿಟ್ಟು.

ಜೊತೆಗೆ ಬಂದಿದ್ದ ನಮ್ಮ ಭಾವ ಇಲ್ಲೇ ಹತ್ತಿರದಲ್ಲಿ ಇರುವವರು. “ಸುಮ್ನೆ ಎಲ್ಲ ಚೆನ್ನಾಗಿದೆ ಅಂತ ಬರೀಬೇಡ ಮಾರಾಯ” ಅಂದರು. ನಿಜ. 2005ರ ಡಿಸೆಂಬರ್‌ನಲ್ಲಿ ಸಿಡ್ನಿಯ ಕ್ರೊನಲ್ಲಾ ಕಡಲತೀರದಲ್ಲಿ ಬಿಳಿಯರ ಗುಂಪು ಅರಬ್ ಮೂಲದವರಂತೆ ಕಂಡವರ ಮೇಲೆ ಎರಗಿ ಗಲಭೆಯಾದ ವಾರವೇ ಆಬರ್ನ್‌ನಲ್ಲಿ ಚರ್ಚೊಂದರ ಸಭಾಂಗಣ ಸುಟ್ಟುಹೋಯಿತು. 2011ರಲ್ಲಿ ಮುಸುಕು ಹಾಕಿದವರು ಇದೇ ಮಂದಿರದ ಮೇಲೆ ಗುಂಡು ಹಾರಿಸಿದರು. ಅದಾದ ಮೇಲೂ ಬಾಗಿಲು ತೆರೆದೇ ಇದೆ, ಜನ ಬರುತ್ತಲೇ ಇದ್ದಾರೆ.

“ಈಗ ಜಗಳ ಯಾವುದಕ್ಕೆ?” ಅಂತ ಕೇಳಿದೆ.

“ಪಾರ್ಕಿಂಗ್‌ಗೆ,” ಅಂದರು ಭಾವ. “ಶುಕ್ರವಾರ ಮಧ್ಯಾಹ್ನ ಅಲ್ಲಿ, ಹಬ್ಬದ ದಿನ ಇಲ್ಲಿ. ನೀವು ಬರೋದಾದ್ರೆ ರೈಲಲ್ಲೇ ಬನ್ನಿ.”